ಪರದೆಯಿಲ್ಲದ ಪೆಟ್ಟಿಗೆಯಲ್ಲಿ ಕನ್ನಡಕ್ಕೆ ಜಾಗವಿದೆಯೇ?

ಚಿಕ್ಕ ಮಕ್ಕಳನ್ನು ಪರದೆಯಿಂದ ದೂರವಿಡಬೇಕೆಂಬ ಮಾತಿಗೆ ಈಗ ಹೆಚ್ಚಿನ ವಿರೋಧವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದೊಳಗಿನ ಕೂಸುಗಳಿಗೆ ಪರದೆಯೇ ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ಅದು ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆಯೂ ಹೆಚ್ಚುಕಡಿಮೆ ಇದೇ. ಮಗು ಕುಳಿತಿರುವ ವೇಳೆಯಲ್ಲಿ ದೊಡ್ಡವರು ಅದಕ್ಕೆ ಓದಿ ಹೇಳಲಿ, ಕಥೆ ಹೇಳಲಿ ಎಂಬುದು ವಿಶ್ವ ಸಂಸ್ಥೆಯ ಮಾತು. ಆದರೆ ತಂದೆ ತಾಯಿ ಇಬ್ಬರೂ ದುಡಿಯುವ, ಅಜ್ಜ ಅಜ್ಜಿ ಬೇರೆ ಊರಿನಲ್ಲಿರುವ ಮನೆಗಳಲ್ಲಿ ಅಷ್ಟೊಂದು ಕಥೆ ಹೇಳುವವರು ಯಾರು? ಈ ಪ್ರಶ್ನೆಗೆ ಮಾರುಕಟ್ಟೆ ತನ್ನದೇ ಉತ್ತರವನ್ನು ಸಿದ್ಧಪಡಿಸಿದೆ. ಪರದೆಯಿಲ್ಲದೆ ಕಥೆ, ಹಾಡುಗಳನ್ನು ಕೇಳಿಸುವ ಪೆಟ್ಟಿಗೆಯೇ ಆ ಉತ್ತರ.

ಇದು ತೀರಾ ಹೊಸ ಯೋಚನೆಯೇನಲ್ಲ. ಒಡಲಿನೊಳಗೆ ಪುಟ್ಟ ಫೋನೋಗ್ರಾಫ್ ಅಡಗಿಸಿದ್ದ ಮಾತನಾಡುವ ಗೊಂಬೆಯನ್ನು ಥಾಮಸ್ ಎಡಿಸನ್ 1890ರಲ್ಲೇ ಮಾರಾಟಕ್ಕೆ ತಂದಿದ್ದರು. ಧ್ವನಿ ಕರ್ಕಶ, ಯಂತ್ರ ದುರ್ಬಲ. ಕೆಲವೇ ವಾರಗಳಲ್ಲಿ ಮಾರಾಟ ನಿಂತುಹೋಯಿತು. ಇಂದಿನ ಪೆಟ್ಟಿಗೆಗಳಿಗೆ ಆ ತೊಡಕುಗಳಿಲ್ಲ. ಜರ್ಮನಿಯ ಡಸೆಲ್ಡಾರ್ಫ್‌ನಲ್ಲಿ ಹುಟ್ಟಿ 2016ರಲ್ಲಿ ಅಂಗಡಿಗೆ ಬಂದ ಟೋನಿಬಾಕ್ಸ್ ಮೆತ್ತನೆಯ ಘನಾಕೃತಿಯ ಪೆಟ್ಟಿಗೆ. ಅದರ ತಲೆಯ ಮೇಲೆ ಒಂದು ಬೊಂಬೆಯನ್ನಿಟ್ಟರೆ ಕಥೆ ಆರಂಭವಾಗುತ್ತದೆ, ತೆಗೆದರೆ ನಿಲ್ಲುತ್ತದೆ. ಲಂಡನ್ನಿನ ಯೋಟೋದಲ್ಲಿ ಬೊಂಬೆಯ ಬದಲು ಕಾರ್ಡನ್ನು ಸೀಳಿಗೆ ತೂರಿಸಬೇಕು. ಬೊಂಬೆ ಅಥವಾ ಕಾರ್ಡಿನಲ್ಲಿರುವ ಸಣ್ಣ ಚಿಪ್ಪು ಕಥೆಯ ಗುರುತನ್ನಷ್ಟೇ ಹೇಳುತ್ತದೆ. ಧ್ವನಿಯು ಮೊದಲ ಸಲ ಅಂತರ್ಜಾಲದಿಂದ ಇಳಿದು ಪೆಟ್ಟಿಗೆಯಲ್ಲಿ ಉಳಿಯುತ್ತದೆ.

ಈ ಪೆಟ್ಟಿಗೆಗಳ ಗುಣವನ್ನು ಅಲ್ಲಗಳೆಯಲಾಗದು. ಮೂರು ವರ್ಷದ ಮಗು ಯಾರ ನೆರವೂ ಇಲ್ಲದೆ ತನಗೆ ಬೇಕಾದ ಕಥೆಯನ್ನು ಆರಿಸಿಕೊಳ್ಳಬಲ್ಲದು. ಜಾಹೀರಾತು ನುಸುಳುವುದಿಲ್ಲ. ಕಥೆ ಮುಗಿದರೆ ಮುಗಿಯಿತು. ಮುಂದಿನದು ತಾನಾಗಿ ಆರಂಭವಾಗಿ ಮಗುವನ್ನು ಹಿಡಿದಿಡುವುದಿಲ್ಲ. ಕೈಗಳು ಬಿಡುವಾಗಿರುವುದರಿಂದ ಮಗು ಕೇಳುತ್ತಲೇ ಚಿತ್ರ ಬರೆಯಬಹುದು, ಆಟಿಕೆ ಜೋಡಿಸಬಹುದು.

ಆದರೆ ಅರ್ಥಶಾಸ್ತ್ರ ಓದಿದವನಿಗೆ ಮೊದಲು ಕಾಣುವುದು ಇನ್ನೊಂದು ಸಂಗತಿ. ರೇಜರನ್ನು ಅಗ್ಗವಾಗಿ ಮಾರಿ ಬ್ಲೇಡಿನಲ್ಲಿ ಲಾಭ ಗಳಿಸುವ ಹಳೆಯ ಲೆಕ್ಕಾಚಾರವೇ ಇಲ್ಲೂ ಇದೆ. ಟೋನಿಬಾಕ್ಸಿನ ಕಂಪನಿಗೆ ವರಮಾನದ ಬಹುಪಾಲು ಬರುವುದು ಬೊಂಬೆಗಳಿಂದ, ಪೆಟ್ಟಿಗೆಯಿಂದಲ್ಲ. ಸರಿಸುಮಾರು ಆರೇಳು ಬೊಂಬೆಗಳನ್ನು ಕೊಂಡರೆ ಪೆಟ್ಟಿಗೆಯ ಬೆಲೆಯಷ್ಟೇ ಮತ್ತೊಮ್ಮೆ ತೆತ್ತಂತಾಗುತ್ತದೆ. ಒಂದು ಕಂಪನಿಯ ಬೊಂಬೆ ಇನ್ನೊಂದು ಕಂಪನಿಯ ಪೆಟ್ಟಿಗೆಯಲ್ಲಿ ನುಡಿಯುವುದಿಲ್ಲ. ಕಥೆಗಳು ಕಂಪನಿಯ ಸರ್ವರಿನಲ್ಲಿರುವುದರಿಂದ, ಆ ಸರ್ವರು ಇರುವವರೆಗೆ ಮಾತ್ರ ಹೊಸ ಕಥೆಯನ್ನು ಇಳಿಸಿಕೊಳ್ಳಲು ಸಾಧ್ಯ. ಆದ್ದರಿಂದ ಕೊಳ್ಳುವವರು ಪೆಟ್ಟಿಗೆಯ ಬೆಲೆಯನ್ನಲ್ಲ, ನಾಲ್ಕೈದು ವರ್ಷಗಳ ಒಟ್ಟು ಖರ್ಚನ್ನು ಲೆಕ್ಕ ಹಾಕಬೇಕು.

ಹಣದ ಲೆಕ್ಕಕ್ಕಿಂತ ದೊಡ್ಡದು ಭಾಷೆಯ ಲೆಕ್ಕ. ನಾನು ನೋಡಿದ ಬೊಂಬೆ, ಕಾರ್ಡುಗಳ ಪಟ್ಟಿಗಳಲ್ಲಿ ಇಂಗ್ಲಿಷ್, ಜರ್ಮನ್, ಫ್ರೆಂಚ್ ಕಥೆಗಳು ಧಾರಾಳವಾಗಿದ್ದವು. ಕನ್ನಡದ ಒಂದು ಕಥೆಯೂ ಇರಲಿಲ್ಲ. 2011ರ ಜನಗಣತಿಯಂತೆ ಕನ್ನಡ 4.37 ಕೋಟಿ ಜನರ ತಾಯ್ನುಡಿ. ಆದರೂ ಮಾರುಕಟ್ಟೆ ಎಣಿಸುವುದು ಆಡುವವರ ಸಂಖ್ಯೆಯನ್ನಲ್ಲ, ಬೆಲೆ ತೆರುವವರ ಸಂಖ್ಯೆಯನ್ನು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಪರಿಣಾಮ ಮಾತ್ರ ಕಠೋರ. ನನ್ನ ಮೊಮ್ಮಗಳು ಬೆಳೆಯುತ್ತಿರುವುದು ಇಂಗ್ಲೆಂಡಿನಲ್ಲಿ. ನಾವು ಕನ್ನಡದಲ್ಲಿ ಕೇಳಿದ್ದು ಅವಳಿಗೆ ಅರ್ಥವಾಗುತ್ತದೆ. ಉತ್ತರ ಬರುವುದು ಇಂಗ್ಲಿಷಿನಲ್ಲಿ. ಶಾಲೆ, ಗೆಳತಿಯರು, ಪುಸ್ತಕ ಎಲ್ಲವೂ ಇಂಗ್ಲಿಷಾಗಿರುವಾಗ ಮಲಗುವ ಕೋಣೆಯ ಪೆಟ್ಟಿಗೆಯೂ ಇಂಗ್ಲಿಷನ್ನೇ ನುಡಿದರೆ ಕನ್ನಡಕ್ಕೆ ಉಳಿಯುವ ವೇಳೆ ಯಾವುದು? ಬೆಂಗಳೂರಿನ ಅನೇಕ ಮನೆಗಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ.

ಹೀಗಾಗಿ ಇಂಥ ಸಾಧನವನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಅದು ನಮ್ಮ ಧ್ವನಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೇ ಎಂಬುದು. ಅದೃಷ್ಟವಶಾತ್ ಮೇಲಿನ ಎರಡೂ ಪೆಟ್ಟಿಗೆಗಳಿಗೆ ಖಾಲಿ ಬೊಂಬೆ ಅಥವಾ ಖಾಲಿ ಕಾರ್ಡು ದೊರೆಯುತ್ತದೆ. ಟೋನಿಬಾಕ್ಸಿನ ಖಾಲಿ ಬೊಂಬೆಯೊಂದರಲ್ಲಿ 90 ನಿಮಿಷಗಳ ಧ್ವನಿಮುದ್ರಣವನ್ನು ತುಂಬಬಹುದು. ಸಾಗರದಾಚೆಯ ಕನ್ನಡ ಕುಟುಂಬಗಳಿಗೆ ನನ್ನ ಸಲಹೆ ಇಷ್ಟೇ: ಬಣ್ಣದ ಬೊಂಬೆಗಳಿಗಿಂತ ಮೊದಲು ಖಾಲಿ ಬೊಂಬೆಯನ್ನು ಕೊಳ್ಳಿ, ಊರಿನಲ್ಲಿರುವ ಅಜ್ಜಿಯಿಂದ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಮೊಬೈಲಿನಲ್ಲೇ ಮುದ್ರಿಸಿ ತರಿಸಿಕೊಳ್ಳಿ. ನನ್ನ ಪತ್ನಿ ಹೀಗೆ ಹತ್ತಾರು ಕಥೆಗಳನ್ನು ಮುದ್ರಿಸಿ ಕಳುಹಿಸಿದ್ದಾಳೆ. ನಡುವೆ ಕುಕ್ಕರಿನ ಕೂಗು ಕೇಳಿಸುತ್ತದೆ. ಮೊಮ್ಮಗಳಿಗೆ ಅದೂ ಕಥೆಯ ಭಾಗವೇ.

ಇಲ್ಲಿರುವ ಕುಟುಂಬಗಳು ವಿದೇಶಿ ಪೆಟ್ಟಿಗೆಗೆ ದುಬಾರಿ ಬೆಲೆ ತೆರಬೇಕಾಗಿಲ್ಲ. ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡಿನಿಂದ ಎಂಪಿ3 ಕಡತಗಳನ್ನು ನುಡಿಸುವ, ದೊಡ್ಡ ಗುಂಡಿಗಳಿರುವ ಸಾಮಾನ್ಯ ಸ್ಪೀಕರೇ ಸಾಕು. ಅದಕ್ಕೆ ಸರ್ವರು ಬೇಕಿಲ್ಲ, ಖಾತೆ ಬೇಕಿಲ್ಲ. ಕೆಟ್ಟರೆ ಕಾರ್ಡನ್ನು ಇನ್ನೊಂದಕ್ಕೆ ಸಿಕ್ಕಿಸಿದರಾಯಿತು. ಮಾತಿಗೆ ಓಗೊಡುವ ಸ್ಮಾರ್ಟ್ ಸ್ಪೀಕರಿಗೂ ಪರದೆಯಿರಬೇಕೆಂದಿಲ್ಲವಾದರೂ ಅದಕ್ಕೆ ಕಿವಿಯಿದೆ. ಅಲೆಕ್ಸಾದಲ್ಲಿ ಮಕ್ಕಳ ಧ್ವನಿಮುದ್ರಣಗಳನ್ನು ಅಳಿಸದೆ ಉಳಿಸಿಕೊಂಡ ಆರೋಪದ ಪ್ರಕರಣದಲ್ಲಿ ಅಮೆಜಾನ್ ಸಂಸ್ಥೆ 2023ರಲ್ಲಿ ಅಮೆರಿಕದಲ್ಲಿ 2.5 ಕೋಟಿ ಡಾಲರ್ ದಂಡ ತೆರಲು ಒಪ್ಪಿಕೊಂಡಿತು. ಪುಟ್ಟ ಮಗುವಿನ ಕೋಣೆಗೆ ಮೈಕ್ರೋಫೋನ್ ಇಲ್ಲದ ಸಾಧನವೇ ಲೇಸು.

ಸುರಕ್ಷತೆಯ ವಿಷಯದಲ್ಲಿ ಇನ್ನೂ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದು ಬ್ಯಾಟರಿ. ನಾಣ್ಯದಾಕಾರದ ಲಿಥಿಯಂ ಬ್ಯಾಟರಿಯನ್ನು ಮಗು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಅಂಥ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಸಾಧನವನ್ನು ಮನೆಗೆ ತರಲೇಬಾರದು. ಪುನಃ ಚಾರ್ಜ್ ಮಾಡುವ ಬ್ಯಾಟರಿಯೂ ಅಪಾಯಮುಕ್ತವಲ್ಲ. ಬ್ಯಾಟರಿ ಅತಿಯಾಗಿ ಬಿಸಿಯಾಗುವ ದೋಷದಿಂದ ಯೋಟೋ ಮಿನಿ ಪೆಟ್ಟಿಗೆಗಳ ಬಗ್ಗೆ 2024ರಲ್ಲಿ ಅಮೆರಿಕದಲ್ಲಿ ಹಿಂಪಡೆಯುವ ಪ್ರಕಟಣೆ ಹೊರಟು, ಕಂಪನಿ ಹೊಸ ಚಾರ್ಜಿಂಗ್ ಕೇಬಲ್ಲುಗಳನ್ನು ಕೊಡಬೇಕಾಯಿತು. ಎರಡನೆಯದು ಶಬ್ದದ ಮಟ್ಟ. ಮಕ್ಕಳಿಗೆ ವಾರಕ್ಕೆ 40 ಗಂಟೆಗಳ ಕಾಲ 75 ಡೆಸಿಬಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ ಹೇಳುತ್ತದೆ. ಪ್ರತಿ 3 ಡೆಸಿಬಲ್ ಹೆಚ್ಚಳಕ್ಕೂ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. ಗರಿಷ್ಠ ಶಬ್ದವನ್ನು ಪೋಷಕರು ನಿಗದಿಪಡಿಸುವಂತಿರಬೇಕು. ಹೆಡ್‌ಫೋನಿಗಿಂತ ಸ್ಪೀಕರ್ ಉತ್ತಮ. ಮೂರನೆಯದು ಬಿಐಎಸ್ ಗುರುತು. ನಮ್ಮ ದೇಶದಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಇದು ಕಡ್ಡಾಯ. ವಿದ್ಯುತ್ ಆಟಿಕೆಗಳಿಗೆ ಐಎಸ್ 15644 ಎಂಬ ಪ್ರತ್ಯೇಕ ಮಾನಕವೇ ಇದೆ.

ಇಷ್ಟೆಲ್ಲ ನೋಡಿ ತಂದರೂ ಪೆಟ್ಟಿಗೆಯಿಂದ ಆಗದ ಕೆಲಸವೊಂದಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ಚೀನೀ ಭಾಷೆಯನ್ನು ಕೇಳಿಸಲಾಯಿತು. ಎದುರಿಗೆ ಕುಳಿತು ಆಡಿಸುತ್ತ ಮಾತನಾಡಿದವರಿಂದ ಶಿಶುಗಳು ಆ ಭಾಷೆಯ ಧ್ವನಿಭೇದಗಳನ್ನು ಗ್ರಹಿಸಿದವು. ಅದೇ ಮಾತನ್ನು ಧ್ವನಿಮುದ್ರಣದಿಂದಲೋ ದೃಶ್ಯಮುದ್ರಣದಿಂದಲೋ ಕೇಳಿದ ಶಿಶುಗಳು ಗ್ರಹಿಸಲಿಲ್ಲ. ಎಳೆಯ ಶಿಶುವಿಗೆ ಪೆಟ್ಟಿಗೆ ಭಾಷೆಯನ್ನು ಕಲಿಸದು. ಮೂರು ವರ್ಷದ ಹೊತ್ತಿಗೆ ಅದು ಮನುಷ್ಯರ ಮಾತಿಗೆ ಪೂರಕವಾಗಬಲ್ಲದು. ಕಥೆ ಕೇಳಿದ ಮಗುವಿನೊಡನೆ ಯಾರಾದರೂ ಆ ಕಥೆಯ ಬಗ್ಗೆ ಮಾತನಾಡಿದರೆ ಮಾತ್ರ.

ಪೆಟ್ಟಿಗೆಗೆ ತುಂಬಲು ಕನ್ನಡದಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಲೇಖಕರು ತೀರಿಕೊಂಡ 60 ವರ್ಷಗಳ ಬಳಿಕ ಅವರ ಕೃತಿಗಳು ಸಾರ್ವಜನಿಕರ ಸ್ವತ್ತಾಗುತ್ತವೆ ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆ. 1937ರಲ್ಲಿ ನಿಧನರಾದ ಪಂಜೆ ಮಂಗೇಶರಾಯರ ಮಕ್ಕಳ ಕಥೆ, ಪದ್ಯಗಳನ್ನು ಯಾರು ಬೇಕಾದರೂ ಓದಿ, ಮುದ್ರಿಸಿ, ಹಂಚಬಹುದು. 1979ರಲ್ಲಿ ತೀರಿಕೊಂಡ ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳನ್ನು ಹಾಗೆ ಹಂಚಲು 2039ರ ಕೊನೆಯವರೆಗೆ ಹಕ್ಕುದಾರರ ಅನುಮತಿ ಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಮುಕ್ತ ಪರವಾನಗಿಯ ಕನ್ನಡ ಕಥೆಗಳು ಚಿತ್ರಸಹಿತ ದೊರೆಯುತ್ತವೆ. ಅವನ್ನು ಮುದ್ರಿಸಿಕೊಂಡು, ಕೇಳುವಾಗ ಮಗುವಿನ ಮುಂದೆ ಚಿತ್ರಪುಸ್ತಕವನ್ನೂ ತೆರೆದಿಟ್ಟರೆ ಇನ್ನೂ ಒಳ್ಳೆಯದು.

ಆದರೆ ಇದನ್ನು ಅನುಕೂಲಸ್ಥ ಮನೆಗಳ ಪ್ರಯತ್ನಕ್ಕೆ ಮಾತ್ರ ಬಿಟ್ಟುಬಿಡುವುದು ಸರಿಯಲ್ಲ. ಒಮ್ಮೆ ಮುದ್ರಿಸಿದ ಕಥೆಯನ್ನು ಒಂದು ಮಗು ಕೇಳಿದರೆ ಇನ್ನೊಂದು ಮಗುವಿನ ಪಾಲು ಕಡಿಮೆಯಾಗುವುದಿಲ್ಲ. ಇನ್ನೊಂದು ಪ್ರತಿಯ ವೆಚ್ಚ ಶೂನ್ಯಕ್ಕೆ ಹತ್ತಿರ. ಮಾರುಕಟ್ಟೆ ಒದಗಿಸದ ಇಂಥ ಸಾರ್ವಜನಿಕ ಸರಕನ್ನು ಒದಗಿಸುವುದೇ ಸರ್ಕಾರದ ಕೆಲಸ. ಅದು ನಮಗೆ ಅಪರಿಚಿತವೂ ಅಲ್ಲ. ಆಕಾಶವಾಣಿಯ ಮಕ್ಕಳ ಕಾರ್ಯಕ್ರಮಗಳನ್ನು ಕೇಳಿ ಬೆಳೆದವರು ನಾವು. ಬಾನುಲಿ ಪಾಠಗಳ ‘ಕೇಳಿ-ಕಲಿ’ ಕಾರ್ಯಕ್ರಮ ಸರ್ಕಾರಿ ಶಾಲೆಗಳನ್ನು ತಲುಪಿತ್ತು. ಆಕಾಶವಾಣಿಯು ಹಕ್ಕುಗಳನ್ನು ಇತ್ಯರ್ಥಪಡಿಸಿ ತನ್ನ ಭಂಡಾರದ ಮಕ್ಕಳ ಧ್ವನಿಮುದ್ರಣಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಡಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕರಾವಳಿ, ಮಲೆನಾಡು, ಕಲ್ಯಾಣ ಕರ್ನಾಟಕದ ಅಜ್ಜಿಯರ ಕಥೆಗಳನ್ನು ಅವರವರ ನುಡಿಯಲ್ಲೇ ಮುದ್ರಿಸಬೇಕು.

ರಾಜ್ಯದ ಮೊದಲ ಅಂಗನವಾಡಿಗಳು 1975ರಲ್ಲಿ ಟಿ. ನರಸೀಪುರದಲ್ಲಿ ಆರಂಭವಾದವು. ಇಂದು ಅವುಗಳ ಸಂಖ್ಯೆ 65 ಸಾವಿರವನ್ನು ಮೀರಿದೆ. ಕೇಂದ್ರವೊಂದಕ್ಕೆ ಸಾವಿರ ರೂಪಾಯಿಯ ಸ್ಪೀಕರು, ಮೆಮೊರಿ ಕಾರ್ಡು ಎಂದಿಟ್ಟುಕೊಂಡರೂ 65 ಸಾವಿರ ಕೇಂದ್ರಗಳಿಗೆ ಆಗುವ ವೆಚ್ಚ 6.5 ಕೋಟಿ ರೂಪಾಯಿ. ರಾಜ್ಯದ ಬಜೆಟ್ಟಿನಲ್ಲಿ ಇದು ಗಣನೆಗೆ ಬಾರದ ಮೊತ್ತ. ಕೊಳ್ಳಬಲ್ಲವರ ಮಕ್ಕಳು ಯಾವುದಾದರೊಂದು ಭಾಷೆಯಲ್ಲಿ ಕಥೆಯನ್ನು ಕೇಳಿಯೇ ಕೇಳುತ್ತಾರೆ. ಕೊಳ್ಳಲಾರದವರ ಮಕ್ಕಳಿಗೂ ಅವರದೇ ಭಾಷೆಯಲ್ಲಿ ಕಥೆ ಸಿಗುವಂತೆ ಮುಂದಿನ ಬಜೆಟ್ಟಿನಲ್ಲಿ ಸರ್ಕಾರ ಈ ಮೊತ್ತವನ್ನು ತೆಗೆದಿರಿಸಲಿ.