ತಟ್ಟೆ ಹಾಡಲಿ, ನೆಲ ಹಾಡದಿರಲಿ

ಅಜ್ಜ ಜೋಪಾನವಾಗಿಟ್ಟ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ತಟ್ಟೆ ತಿರುಗುತ್ತಿದೆ. ಬೀದಿಯಲ್ಲಿ ಲಾರಿ ಹಾಯ್ದರೆ ಹಾಡಿನಡಿ ‘ಗುಂಯ್’ ಸದ್ದು. ಮಗು ಕುಣಿದರೆ ಮುಳ್ಳೇ ಜಿಗಿದು ತಟ್ಟೆಗೆ ಗಾಯ. ಅದು ಮತ್ತೆ ಮಾಯದು.

ತಟ್ಟೆಯ ಗೀರು ಕೂದಲೆಳೆಯಷ್ಟು ಕಿರಿದು. ಅದರ ಅಂಕುಡೊಂಕಿಗೆ ಮುಳ್ಳು ಅಲುಗುತ್ತದೆ; ಆ ಅಲುಗಾಟವೇ ವಿದ್ಯುತ್ತಾಗಿ, ಸ್ಪೀಕರಿನಲ್ಲಿ ಹಾಡಾಗುತ್ತದೆ. ಅಲುಗಿಸಿದ್ದು ಗೀರೋ ನೆಲವೋ ಎಂಬುದು ಮುಳ್ಳಿಗೆ ತಿಳಿಯದು. ಸ್ಪೀಕರನ್ನು ಅದೇ ಮೇಜಿನ ಮೇಲಿಟ್ಟರಂತೂ ಅದರ ಕಂಪನ ಮುಳ್ಳಿಗೆ ಮರಳಿ ಊಳಿಡತೊಡಗುತ್ತದೆ.

ವಿದ್ಯಾರ್ಥಿಗಳು ರಬ್ಬರ್ ಬ್ಯಾಂಡಿಗೆ ಕಲ್ಲು ಕಟ್ಟಿ ತೂಗಬಿಡಲಿ. ಕೈಯನ್ನು ನಿಧಾನ ಆಡಿಸಿದರೆ ಕಲ್ಲೂ ಆಡುತ್ತದೆ. ಬೇಗಬೇಗ ಆಡಿಸಿದರೆ ಬಹುತೇಕ ನಿಂತೇ ಇರುತ್ತದೆ. ಭಾರ ಮತ್ತು ಮೆದು ಎರಡೂ ಕೂಡಿದಾಗಲೇ ಈ ಗುಣ.

ಭಾರಕ್ಕೆ ತಾಳಿಕೋಟೆಯವರು ದೂರ ಹೋಗಬೇಕಿಲ್ಲ. ಡೋಣಿ ಸೀಮೆಯ ಸುಣ್ಣಕಲ್ಲಿನ ಫರಸಿ ಇದೆ. ಆದರೆ ಬರೀ ಕಲ್ಲು ಸಾಲದು. ನಾಲ್ಕು ಮೂಲೆಗೂ ಒಂದೇ ಬಗೆಯ ಸ್ಪ್ರಿಂಗ್ ಇಟ್ಟು, ಮೇಲೆ ಫರಸಿ, ಅದರ ಮೇಲೆ ಯಂತ್ರ ಕೂಡಿಸಬೇಕು. ಭಾರಕ್ಕೆ ಸ್ಪ್ರಿಂಗ್ 2 ಸೆಂ.ಮೀ. ಕುಗ್ಗಿದರೆ ಅದರ ಸಹಜ ತೂಗಾಟ ಸೆಕೆಂಡಿಗೆ ಸುಮಾರು 3.5 ಸಲ. ಇದರ 1.4 ಪಟ್ಟಿಗಿಂತ ವೇಗದ ಕಂಪನಗಳಷ್ಟೇ ತಗ್ಗುತ್ತವೆ. ನಿಧಾನದ ಹೆಜ್ಜೆಸಪ್ಪಳ ಹೆಚ್ಚಲೂಬಹುದು; ಅದಕ್ಕೆ ದಪ್ಪ ಗೋಡೆಗೆ ಜಡಿದ ಹಲಗೆಯೇ ಲೇಸು.

1961ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ತಟ್ಟೆಯನ್ನೂ ಮುಳ್ಳಿನ ತೋಳನ್ನೂ ಒಂದೇ ಚೌಕಟ್ಟಿಗೆ ಕೂಡಿಸಿ, ಸ್ಪ್ರಿಂಗುಗಳ ಮೇಲೆ ತೇಲಿಬಿಟ್ಟ ಯಂತ್ರ ತಂದರು. ಎರಡೂ ಒಟ್ಟಿಗೇ ಅಲುಗಿದರೆ ಮುಳ್ಳಿಗೆ ಅಲುಗಾಟವೇ ಇಲ್ಲ. ಅಜ್ಜನ ತಟ್ಟೆ ಮೊಮ್ಮಗಳಿಗೂ ಉಳಿಯಲು ಇಷ್ಟು ತಿಳಿದಿದ್ದರೆ ಸಾಕು.