ಜೈಲಿನಿಂದ ಗೆಲ್ಲಬಹುದು, ಮತ ಹಾಕುವಂತಿಲ್ಲ

2024ರ ಜುಲೈ 5ರಂದು ಬಂಧನದಲ್ಲಿದ್ದ ಇಬ್ಬರನ್ನು ಪೊಲೀಸ್ ಕಾವಲಿನಲ್ಲಿ ಸಂಸತ್ ಭವನಕ್ಕೆ ಕರೆತಂದು ಪ್ರಮಾಣವಚನ ಬೋಧಿಸಲಾಯಿತು. ಪಂಜಾಬಿನ ಖಡೂರ್ ಸಾಹಿಬ್‌ನಿಂದ ಗೆದ್ದ ಅಮೃತಪಾಲ್ ಸಿಂಗ್ ಅಸ್ಸಾಮಿನ ದಿಬ್ರುಗಢ ಜೈಲಿನಿಂದ ಬಂದಿದ್ದರು. ಬಾರಾಮುಲ್ಲಾದಲ್ಲಿ ಒಮರ್ ಅಬ್ದುಲ್ಲಾ ಅವರನ್ನು ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದ ಎಂಜಿನಿಯರ್ ರಶೀದ್ ಬಂದದ್ದು ತಿಹಾರ್‌ನಿಂದ. ರಶೀದ್ 2019ರಿಂದ ವಿಚಾರಣಾಧೀನ ಕೈದಿ. ಲಕ್ಷಾಂತರ ಜನ ಅವರಿಗೆ ಮತ ಕೊಟ್ಟರು, ಅವರಿಗೆ ಮಾತ್ರ ಮತ ಹಾಕುವ ಹಕ್ಕಿರಲಿಲ್ಲ. ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಮುನ್ನೆಚ್ಚರಿಕೆ ಬಂಧನದಲ್ಲಿದ್ದ ಅಮೃತಪಾಲ್‌ಗೆ ಕಾನೂನಿನ ಪ್ರಕಾರ ಆ ಹಕ್ಕಿತ್ತು.

ಈ ವ್ಯತ್ಯಾಸದ ಮೂಲ 1951ರ ಜನಪ್ರತಿನಿಧಿ ಕಾಯ್ದೆಯ 62(5)ನೇ ಕಲಮು. ಶಿಕ್ಷೆಗೊಳಗಾಗಿಯೋ ಬೇರೆ ಕಾರಣಕ್ಕೋ ಜೈಲಿನಲ್ಲಿರುವವರು, ಪೊಲೀಸ್ ಕಸ್ಟಡಿಯಲ್ಲಿರುವವರು ಯಾವ ಚುನಾವಣೆಯಲ್ಲೂ ಮತ ಹಾಕಕೂಡದು ಎನ್ನುತ್ತದೆ ಅದು. ಮುನ್ನೆಚ್ಚರಿಕೆ ಬಂಧನದಲ್ಲಿರುವವರಿಗೆ ಮಾತ್ರ ವಿನಾಯಿತಿ. ಅವರು ಅಂಚೆ ಮೂಲಕ ಮತ ಹಾಕಬಹುದು.

ಶಿಕ್ಷೆಯಾದವನ ಮತ ಶಾಶ್ವತವಾಗಿ ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಅದು ನಿಜವಲ್ಲ. ಲಂಚ ಕೊಟ್ಟು ಮತ ಪಡೆಯುವಂಥ ಚುನಾವಣಾ ಅಪರಾಧಗಳಿಗೆ ಶಿಕ್ಷೆಯಾದರೆ ಆರು ವರ್ಷ ಮತದ ಹಕ್ಕು ಇರುವುದಿಲ್ಲ. ಉಳಿದಂತೆ ಕೊಲೆ ಮಾಡಿದವನೂ ಶಿಕ್ಷೆ ಮುಗಿಸಿ ಹೊರಬಂದರೆ ಸರದಿಯಲ್ಲಿ ನಿಂತು ಮತ ಹಾಕಬಹುದು. ಅಷ್ಟೇ ಏಕೆ, ಶಿಕ್ಷೆಯಾದ ಮೇಲೆ ಮೇಲ್ಮನವಿ ಸಲ್ಲಿಸಿ ಜಾಮೀನು ಪಡೆದವನೂ ಹಾಕಬಹುದು. ಅಂದರೆ ಈ ಕಾನೂನು ಮನುಷ್ಯ ಮಾಡಿದ ತಪ್ಪನ್ನು ಅಳೆಯುವುದಿಲ್ಲ. ಮತದಾನದ ದಿನ ಅವನು ಗೋಡೆಯ ಯಾವ ಬದಿಯಲ್ಲಿದ್ದಾನೆ ಎಂಬುದನ್ನಷ್ಟೇ ನೋಡುತ್ತದೆ.

ಗೋಡೆಯೊಳಗೆ ಉಳಿಯುವವರು ಯಾರು? ನಮ್ಮ ರಾಜ್ಯದ ನ್ಯಾಯಾಲಯಗಳ ಅಂಗಳಕ್ಕೆ ಹೋಗಿ ಬಂದವರಿಗೆ ಗೊತ್ತು. ಜಾಮೀನು ಮಂಜೂರಾದರೆ ಸಾಲದು, ಶ್ಯೂರಿಟಿ ಕೊಡುವವರು ಬೇಕು, ಅವರ ಹೆಸರಿನಲ್ಲಿ ಪಹಣಿ ಇರಬೇಕು. ಯಾದಗಿರಿಯಿಂದಲೋ ಬಿಹಾರದಿಂದಲೋ ಬೆಂಗಳೂರಿಗೆ ಕೂಲಿಗೆ ಬಂದವನಿಗೆ ಪಹಣಿ ಹಿಡಿದು ಬರುವ ನೆಂಟ ಎಲ್ಲಿ ಸಿಗಬೇಕು? ಆದೇಶ ಕೈಯಲ್ಲಿದ್ದೂ ಆತ ಪರಪ್ಪನ ಅಗ್ರಹಾರದಲ್ಲೇ ಉಳಿಯುತ್ತಾನೆ. ಅದೇ ಆರೋಪ ಹೊತ್ತ ಸ್ಥಿತಿವಂತ ಮನೆಗೆ ಹೋಗುತ್ತಾನೆ, ಮತವನ್ನೂ ಹಾಕುತ್ತಾನೆ.

ಇದಕ್ಕಿಂತ ನೋವಿನ ಸಂಗತಿಯೊಂದಿದೆ. ನಮ್ಮಲ್ಲಿ ರೌಡಿಗಳನ್ನು ಗೂಂಡಾ ಕಾಯ್ದೆಯಡಿ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದು. ಅದೂ ಮುನ್ನೆಚ್ಚರಿಕೆ ಬಂಧನವೇ ಆದ್ದರಿಂದ ಅಂಥವನಿಗೆ ಅಂಚೆ ಮತಪತ್ರದ ಹಕ್ಕಿದೆ. ಪಕ್ಕದ ಬ್ಯಾರಕ್ಕಿನಲ್ಲಿ, ಬೈಕ್ ಕದ್ದ ಆರೋಪದ ಮೇಲೆ ಸಿಕ್ಕಿಬಿದ್ದು ಸಾಕ್ಷಿ ವಿಚಾರಣೆಗೆ ಕಾಯುತ್ತಿರುವ ಹುಡುಗನಿಗೆ ಇಲ್ಲ. ರೌಡಿಯ ಹಕ್ಕನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಆ ಹುಡುಗನಿಗೆ ಏಕಿಲ್ಲ ಎಂಬುದು ನನ್ನ ಪ್ರಶ್ನೆ.

ಇಂಥವರು ಬೆರಳೆಣಿಕೆಯಷ್ಟಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿಲ್ಲ.

1997ರಲ್ಲಿ ಅನುಕೂಲ್ ಚಂದ್ರ ಪ್ರಧಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿಯಿತು. ತನ್ನ ನಡತೆಯಿಂದಲೇ ಜೈಲು ಸೇರಿದವನು ಹೊರಗಿನವರಷ್ಟು ಸ್ವಾತಂತ್ರ್ಯ ಕೇಳಲಾಗದು, ಕೈದಿಗಳ ಮತದಾನಕ್ಕೆ ಪೊಲೀಸರನ್ನೂ ಸಂಪನ್ಮೂಲವನ್ನೂ ಹೊಂದಿಸುವುದು ಕಷ್ಟ, ಅಪರಾಧ ಹಿನ್ನೆಲೆಯವರು ಚುನಾವಣೆಯಿಂದ ದೂರವಿರಬೇಕು ಎಂಬುದು ಅದರ ವಾದ. ಮೊದಲನೆಯದು ಆರೋಪಿಯನ್ನೂ ಅಪರಾಧಿಯನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಎರಡನೆಯದು ಅಂದಿಗೆ ಒಪ್ಪುವಂತಿದ್ದಿರಬಹುದು, ಇಂದಿಗೆ ಖಂಡಿತ ಅಲ್ಲ. ಗಿರ್ ಕಾಡಿನ ಬಾಣೇಜ್‌ನಲ್ಲಿ ಒಬ್ಬನೇ ಮತದಾರನಿಗಾಗಿ ಮತಗಟ್ಟೆ ತೆರೆಯುವ ಚುನಾವಣಾ ಆಯೋಗ ನಮ್ಮದು. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದ ಹಿರಿಯರ ಮನೆಬಾಗಿಲಿಗೇ ಮತಪೆಟ್ಟಿಗೆ ಹೋಯಿತು. ಎಲ್ಲರೂ ಒಂದೇ ವಿಳಾಸದಲ್ಲಿರುವ, ದಿನಕ್ಕೆ ಹಲವು ಸಲ ತಲೆ ಎಣಿಸುವ ಜಾಗಕ್ಕೆ ಹೋಗಲಾರದೆ?

ಮೂರನೆಯ ವಾದವನ್ನು ಸಂಸತ್ತೇ ಕೈಬಿಟ್ಟಿದೆ. ಮತ ಹಾಕಲಾಗದವನು ಸ್ಪರ್ಧಿಸಲೂ ಆಗದು ಎಂದು 2004ರಲ್ಲಿ ಪಟ್ನಾ ಹೈಕೋರ್ಟ್ ಹೇಳಿತ್ತು. 2013ರ ಜುಲೈ 10ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಪಕ್ಷಗಳಿಗೆ ಗಾಬರಿಯಾಯಿತು. ಎರಡು ತಿಂಗಳೊಳಗೆ ಎರಡೂ ಸದನಗಳಲ್ಲಿ ತಿದ್ದುಪಡಿ ಅಂಗೀಕಾರವಾಗಿ, ಜೈಲಿನಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿರುವವನು ಮತದಾರನೇ, ಆದ್ದರಿಂದ ಸ್ಪರ್ಧಿಸಬಹುದು ಎಂದಾಯಿತು. ಸ್ಪರ್ಧಿಸುವ ಹಕ್ಕು ಇರಬೇಕು, ಸುಳ್ಳು ಕೇಸು ಹಾಕಿ ಎದುರಾಳಿಯನ್ನು ಕಣದಿಂದ ಹೊರಗಿಡುವುದು ಈ ದೇಶದಲ್ಲಿ ಕಷ್ಟವೇನಲ್ಲ. ತುರ್ತುಪರಿಸ್ಥಿತಿಯಲ್ಲಿ ಬಂಧಿತರಾದ ಜಾರ್ಜ್ ಫರ್ನಾಂಡಿಸ್, ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು, 1977ರಲ್ಲಿ ಮುಜಫ್ಫರ್‌ಪುರವನ್ನು ಗೆದ್ದದ್ದು ಜೈಲಿನಲ್ಲಿದ್ದುಕೊಂಡೇ. ಆದರೆ 2013ರಲ್ಲಿ ಅದೇ ತಿದ್ದುಪಡಿಯಲ್ಲಿ ವಿಚಾರಣಾಧೀನರ ಮತದ ಹಕ್ಕನ್ನೂ ಸೇರಿಸಬಹುದಿತ್ತು. ನಾಯಕರ ಹಕ್ಕು ಉಳಿಯಿತು, ಜನರ ಹಕ್ಕು ಯಾರ ಗಮನಕ್ಕೂ ಬರಲಿಲ್ಲ. ನಾಯಕರಿಗಾದರೆ 2017ರ ರಾಷ್ಟ್ರಪತಿ ಚುನಾವಣೆಯಲ್ಲಿ ಮತದಾನದ ಈ ನಿರ್ಬಂಧವೂ ಅಡ್ಡಿಯಾಗಲಿಲ್ಲ. ಜೈಲಿನಲ್ಲಿದ್ದ ಶಾಸಕ ಛಗನ್ ಭುಜ್‌ಬಲ್ ನ್ಯಾಯಾಲಯದ ಅನುಮತಿ ಪಡೆದು ಕಾವಲಿನಲ್ಲಿ ಹೋಗಿ ಮತ ಹಾಕಿ ಬಂದರು. ಬೇಕೆಂದರೆ ಪೊಲೀಸರು ಸಿಗುತ್ತಾರೆ.

ಶಿಕ್ಷೆಗೊಳಗಾದವರ ಮಾತೇನು? ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 1999ರಲ್ಲಿ ಕೈದಿಗಳ ನೋಂದಣಿಗೂ ಮತದಾನಕ್ಕೂ ವ್ಯವಸ್ಥೆ ಮಾಡಬೇಕೆಂದು ಅಲ್ಲಿನ ಚುನಾವಣಾ ಆಯೋಗಕ್ಕೆ ಆದೇಶಿಸಿತು. ಜನಾಂಗದ ಹೆಸರಿನಲ್ಲಿ ಬಹುಸಂಖ್ಯಾತರ ಮತ ಕಸಿದಿದ್ದ ನಾಡದು. ಮತವೇ ಮನುಷ್ಯನ ಘನತೆಯ ಗುರುತೆಂದು ಅದಕ್ಕೆ ಅನುಭವದಿಂದ ಗೊತ್ತಿತ್ತು. ಕೆನಡಾದ ಸುಪ್ರೀಂ ಕೋರ್ಟ್ 2002ರಲ್ಲಿ ಅದೇ ದಾರಿ ಹಿಡಿಯಿತು. ಅಮೆರಿಕದ ಮೇನ್, ವರ್ಮಾಂಟ್ ರಾಜ್ಯಗಳಲ್ಲಿ ಶಿಕ್ಷೆ ಅನುಭವಿಸುತ್ತಿರುವವರೂ ಮತ ಹಾಕುತ್ತಾರೆ. ಜೈಲಿನ ಊಟ, ಔಷಧಿ, ಕೂಲಿ, ಪೆರೋಲ್ ಎಲ್ಲವನ್ನೂ ನಿರ್ಧರಿಸುವುದು ಚುನಾಯಿತ ಸರ್ಕಾರ. ಆ ಸರ್ಕಾರವನ್ನು ಆರಿಸುವಲ್ಲಿ ಕೈದಿಗೆ ಪಾಲಿಲ್ಲದಿದ್ದರೆ ಯಾವ ಶಾಸಕ ತಾನೇ ಜೈಲಿನತ್ತ ತಿರುಗಿ ನೋಡುತ್ತಾನೆ? ಶಿಕ್ಷೆಗೊಳಗಾದವರಿಗೂ ಮತ ಸಿಗಬೇಕೆಂಬುದೇ ನನ್ನ ನಿಲುವು. ಅಲ್ಲಿಯವರೆಗೆ ಬರಲು ಸಮಾಜಕ್ಕೆ ಸಮಯ ಬೇಕಾದೀತು.

ವಿಚಾರಣಾಧೀನರ ವಿಷಯದಲ್ಲಿ ಮಾತ್ರ ಕಾಯಬೇಕಾದ ಕಾರಣ ಯಾವುದೂ ಇಲ್ಲ. ಜೈಲಿನಲ್ಲಿದ್ದರೂ ಅವರ ಹೆಸರು ಊರಿನ ಮತದಾರರ ಪಟ್ಟಿಯಲ್ಲೇ ಇರುತ್ತದೆ. ಅಂಚೆ ಮತಪತ್ರವನ್ನು ಜೈಲಿಗೆ ಕಳಿಸಿ ತರಿಸಿಕೊಳ್ಳುವ ನಿಯಮವೂ 1961ರ ಚುನಾವಣಾ ನಿಯಮಾವಳಿಯಲ್ಲಿದೆ. ಮುನ್ನೆಚ್ಚರಿಕೆ ಬಂಧನದವರಿಗೆ ಕೊಟ್ಟ ವಿನಾಯಿತಿಯ ಸಾಲಿಗೆ ವಿಚಾರಣಾಧೀನರನ್ನೂ ಸೇರಿಸಿದರೆ ಸಾಕು. ಮುಂದಿನ ಸಲ ಮತ ಕೇಳಲು ಬರುವ ಅಭ್ಯರ್ಥಿಯನ್ನು, ಆತ ಯಾವ ಪಕ್ಷದವನೇ ಇರಲಿ, ಈ ತಿದ್ದುಪಡಿಗೆ ಸದನದಲ್ಲಿ ಕೈ ಎತ್ತುತ್ತೀರಾ ಎಂದು ಹೊರಗಿರುವ ನಾವು ಕೇಳಬೇಕು.