ಅಂಗಾಲಿನ ಕಪ್ಪು ಕಲೆ: ಔಷಧ ಇದೆ, ಕೈಗೆಟುಕುವುದು ಯಾರಿಗೆ?

ಚರ್ಮದ ಕ್ಯಾನ್ಸರ್ ಎಂದರೆ ಅದು ಬಿಳಿ ತೊಗಲಿನವರ ಕಾಯಿಲೆ, ನಮಗೇನು ಸಂಬಂಧ ಎಂದು ಅನೇಕರು ತಿಳಿದಿದ್ದಾರೆ. ಅದರಲ್ಲಿ ಅರ್ಧ ಸತ್ಯವಿದೆ. ಈ ಕಾಯಿಲೆ ಅತಿ ಹೆಚ್ಚು ಕಾಣುವುದು ಆಸ್ಟ್ರೇಲಿಯದಂಥ ದೇಶಗಳಲ್ಲಿ. ನಮ್ಮ ಮೈಬಣ್ಣ ಬಿಸಿಲಿನ ಹಾನಿಯಿಂದ ನಮ್ಮನ್ನು ಬಹುಮಟ್ಟಿಗೆ ಕಾಪಾಡುತ್ತದೆ. ಆದರೆ ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ ಬರುವ ಮೆಲನೋಮ ಎಂಬ ಕ್ಯಾನ್ಸರ್‌ಗೆ ಬಿಸಿಲಿನ ಹಂಗಿಲ್ಲ. ಅದು ಎಲ್ಲ ಬಣ್ಣದವರಿಗೂ ಬರುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿ 1981ರಲ್ಲಿ ತನ್ನ 36ನೇ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಹುಟ್ಟಿದ ಇದೇ ಕಾಯಿಲೆಯಿಂದ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಕಬ್ಬಿನ ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಮುಳ್ಳು ಚುಚ್ಚುವುದು, ಆಣಿ ಆಗುವುದು, ಹಿಮ್ಮಡಿ ಒಡೆಯುವುದು ನಿತ್ಯದ ಮಾತು. ಅದಕ್ಕೇ ಅಂಗಾಲಿನ ಕಪ್ಪು ಕಲೆಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆಣಿ ಎಂದು ಬ್ಲೇಡಿನಿಂದ ಕೆರೆದು, ಮುಲಾಮು ಹಚ್ಚಿ, ಬಿಸಿ ಮುಟ್ಟಿಸಿ ತಿಂಗಳುಗಟ್ಟಲೆ ಕಳೆಯುತ್ತಾರೆ. ಅಷ್ಟರಲ್ಲಿ ರೋಗ ತೊಡೆಸಂದಿನ ಗಂಟಿಗೆ, ಅಲ್ಲಿಂದ ಶ್ವಾಸಕೋಶ, ಯಕೃತ್ತಿಗೆ ಹರಡಿರಬಹುದು.

ಹೊಸ ಔಷಧ ಮಾಡುವುದೇನು?

ಹತ್ತು ಹದಿನೈದು ವರ್ಷಗಳ ಹಿಂದೆ, ಹರಡಿದ ಮೆಲನೋಮ ಇದ್ದವರು ಹೆಚ್ಚಾಗಿ ಒಂದು ವರ್ಷದೊಳಗೇ ತೀರಿಕೊಳ್ಳುತ್ತಿದ್ದರು. 2011ರಲ್ಲಿ ಇಪಿಲಿಮುಮಾಬ್, 2014ರಲ್ಲಿ ಪೆಂಬ್ರೊಲಿಜುಮಾಬ್ ಮತ್ತು ನಿವೊಲುಮಾಬ್ ಎಂಬ ಔಷಧಗಳಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇವು ಕಿಮೊಥೆರಪಿಯಂತೆ ಕ್ಯಾನ್ಸರ್ ಕೋಶಗಳನ್ನು ನೇರವಾಗಿ ಕೊಲ್ಲುವುದಿಲ್ಲ. ನಮ್ಮ ರಕ್ತದಲ್ಲಿರುವ ರಕ್ಷಣಾ ಕೋಶಗಳಿಗೆ ಒಂದು ಬ್ರೇಕ್ ಇರುತ್ತದೆ. ಕ್ಯಾನ್ಸರ್ ಆ ಬ್ರೇಕನ್ನು ಒತ್ತಿ ಹಿಡಿದು ತಪ್ಪಿಸಿಕೊಳ್ಳುತ್ತದೆ. ಔಷಧ ಬ್ರೇಕನ್ನು ಬಿಡಿಸುತ್ತದೆ, ದೇಹವೇ ಹೋರಾಡುತ್ತದೆ. ಈ ಶೋಧಕ್ಕೆ ಜೇಮ್ಸ್ ಆ್ಯಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಸಂದಿತು. ಎರಡು ಔಷಧಗಳನ್ನು ಜೊತೆಯಾಗಿ ಕೊಟ್ಟ ಒಂದು ದೊಡ್ಡ ಪ್ರಯೋಗದಲ್ಲಿ, ಹತ್ತು ವರ್ಷಗಳ ನಂತರವೂ ನೂರಕ್ಕೆ 43 ಮಂದಿ ಬದುಕಿದ್ದರು.

ಆದರೆ ಇಲ್ಲಿ ಎರಡು ಅಸಮಾನತೆಗಳಿವೆ. ಮೊದಲನೆಯದು ಹಣದ್ದು. ಬ್ರಿಟನ್ನಿನಲ್ಲಿ ಈ ಔಷಧವನ್ನು ಸರ್ಕಾರಿ ಆರೋಗ್ಯ ಸೇವೆಯೇ ಕೊಡುತ್ತದೆ. ಆಸ್ಟ್ರೇಲಿಯದಲ್ಲಿ ರೋಗಿ ಸಣ್ಣದೊಂದು ನಿಗದಿತ ಶುಲ್ಕ ಕಟ್ಟಿದರೆ ಉಳಿದದ್ದನ್ನು ಸರ್ಕಾರ ಭರಿಸುತ್ತದೆ. ಯುರೋಪಿನೊಳಗೇ ಪಶ್ಚಿಮದ ದೇಶಗಳಿಗೆ ಬೇಗ ಸಿಕ್ಕಿದ್ದು ಪೂರ್ವದ ಎಷ್ಟೋ ದೇಶಗಳಿಗೆ ವರ್ಷಗಳ ನಂತರ ಸಿಕ್ಕಿತು. ನಮ್ಮಲ್ಲಿ ಮೂಲ ಕಂಪನಿಯ ಔಷಧದ ಒಂದು ಸರದಿಗೇ ಲಕ್ಷ ಮೀರುತ್ತದೆ. ಇಂಥ ಸರದಿ ಕೆಲವು ವಾರಗಳಿಗೊಮ್ಮೆ ಬರುತ್ತದೆ, ಚಿಕಿತ್ಸೆ ಒಂದೆರಡು ವರ್ಷ ನಡೆಯಬಹುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಇವುಗಳಲ್ಲಿ ಪೆಂಬ್ರೊಲಿಜುಮಾಬ್ ಮತ್ತು ನಿವೊಲುಮಾಬನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಬೆಲೆ ಇಳಿಯುವುದಿಲ್ಲ.

ಎರಡನೆಯದು ತಿಳಿವಳಿಕೆಯದ್ದು. ಪ್ರಯೋಗಗಳಲ್ಲಿ ಇದ್ದವರು ಬಹುಪಾಲು ಬಿಳಿಯರು. ಅಂಗಾಲಿನ ಮೆಲನೋಮ ಈ ಔಷಧಗಳಿಗೆ ಅಷ್ಟು ಚೆನ್ನಾಗಿ ಸ್ಪಂದಿಸುವುದಿಲ್ಲ ಎಂಬುದು ನಂತರ ಕಂಡುಬಂದಿದೆ. ಆದ್ದರಿಂದ ಮನೆ, ಹೊಲ ಮಾರಿ ಚಿಕಿತ್ಸೆಗೆ ಇಳಿಯುವ ಮೊದಲು ವೈದ್ಯರಿಗೆ ನೇರವಾಗಿ ಕೇಳಿ: ನಮ್ಮ ರೋಗಿಗೆ ಇದರಿಂದ ಎಷ್ಟು ಲಾಭ? ಎಷ್ಟು ಸರದಿ? ಕಡಿಮೆ ಬೆಲೆಯ ಸಮಾನ ಔಷಧ ಇದೆಯೇ? ಕೇಳುವುದು ನಿಮ್ಮ ಹಕ್ಕು.

ಭಾರತದ ವೈದ್ಯರೂ ದಾರಿ ಹುಡುಕುತ್ತಿದ್ದಾರೆ. ಮುಂಬಯಿಯ ಟಾಟಾ ಆಸ್ಪತ್ರೆಯವರು ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್‌ಗೆ ಸಾಮಾನ್ಯ 240 ಮಿ.ಗ್ರಾಂ. ಬದಲು ಕೇವಲ 20 ಮಿ.ಗ್ರಾಂ. ನಿವೊಲುಮಾಬನ್ನು ಅಗ್ಗದ ಮಾತ್ರೆಗಳ ಜೊತೆ ಕೊಟ್ಟು ನೋಡಿದರು. ಒಂದು ವರ್ಷ ಬದುಕಿ ಉಳಿದವರು ನೂರಕ್ಕೆ 16ರಿಂದ 43ಕ್ಕೆ ಏರಿದರು. ತಂಬಾಕಿನ ನಾಡಾದ ನಿಪ್ಪಾಣಿಗೆ ಇದು ಮುಖ್ಯ ಸುದ್ದಿ. ಆದರೆ ಈ ಫಲಿತಾಂಶ ಚರ್ಮದ ಕ್ಯಾನ್ಸರ್‌ಗೂ ಅನ್ವಯಿಸುತ್ತದೆ ಎಂದು ನಾವಾಗಿಯೇ ತೀರ್ಮಾನಿಸುವಂತಿಲ್ಲ.

ಬೇಗ ಕಂಡರೆ ಲಕ್ಷ ಬೇಕಿಲ್ಲ

ರೋಗ ಕಲೆಯ ಹಂತದಲ್ಲೇ ಇದ್ದರೆ ಸುತ್ತಲಿನ ಚರ್ಮದ ಸಮೇತ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯೇ ಮುಖ್ಯ ಮದ್ದು. ಮೇಲೆ ಹೇಳಿದ ದುಬಾರಿ ಔಷಧ ಹೆಚ್ಚಿನವರಿಗೆ ಬೇಕಾಗುವುದೇ ಇಲ್ಲ. ವುಝೂ ಮಾಡುವಾಗ ದಿನಕ್ಕೆ ಹಲವು ಬಾರಿ ಕಾಲು ತೊಳೆಯುತ್ತೇವೆ, ಬೆರಳುಗಳ ಸಂದಿಗೂ ನೀರು ಮುಟ್ಟಿಸುತ್ತೇವೆ. ವಾರಕ್ಕೊಮ್ಮೆಯಾದರೂ ಆ ಹೊತ್ತಿನಲ್ಲಿ ಅಂಗಾಲನ್ನು ತಿರುಗಿಸಿ ನೋಡಿ. ವಯಸ್ಸಾದ ದಾದಿ, ನಾನಿಯರ ಪಾದವನ್ನು ಮಕ್ಕಳು ನೋಡಲಿ. ಗಮನಿಸಬೇಕಾದವು ಇವು:

• ಅಂಗಾಲು, ಅಂಗೈಯಲ್ಲಿ ಹೊಸದಾಗಿ ಕಂಡ, ಅಂಚು ಅಂಕುಡೊಂಕಾದ, ಎರಡು ಮೂರು ಬಣ್ಣ ಬೆರೆತ ಕಲೆ. ಹಳೆಯ ಮಚ್ಚೆ ಬೆಳೆಯುತ್ತಿದ್ದರೆ, ರಕ್ತ ಒಸರುತ್ತಿದ್ದರೆ ಅದೂ ಸಹ.

• ಒಂದೇ ಉಗುರಿನಲ್ಲಿ ಮೂಡಿ ದಿನೇ ದಿನೇ ಅಗಲವಾಗುವ ಕಪ್ಪು ಗೆರೆ. ಕಪ್ಪು ಬಣ್ಣ ಉಗುರಿನ ಬುಡದ ಚರ್ಮಕ್ಕೂ ಹರಡಿದರೆ ತಡ ಮಾಡಬೇಡಿ.

• ಹಳೆಯ ಸುಟ್ಟ ಗಾಯದ ಕಲೆಯಲ್ಲಿ ಮತ್ತೆ ಹುಣ್ಣಾಗಿ ಮಾಯದಿರುವುದು. ಒಲೆಯ ಮುಂದೆ, ಬೆಲ್ಲದ ಗಾಣದಲ್ಲಿ ಸುಟ್ಟುಕೊಂಡವರು ಎಷ್ಟೋ ವರ್ಷಗಳ ನಂತರವೂ ಇದನ್ನು ಗಮನಿಸಬೇಕು.

• ಸೊಂಟದಲ್ಲಿ ಸಲ್ವಾರ್ ಅಥವಾ ಲಂಗದ ಲಾಡಿ ಕೂರುವ ಜಾಗದಲ್ಲಿ ಮಾಯದ ಹುಣ್ಣು. ಧೋತಿ ಬಿಗಿಯುವ ಜಾಗದ ಕ್ಯಾನ್ಸರನ್ನು ನಮ್ಮ ದೇಶದ ವೈದ್ಯರು 1945ರಲ್ಲೇ ದಾಖಲಿಸಿದ್ದಾರೆ. ಲಾಡಿ ಅಗಲವಾಗಿರಲಿ, ಸಡಿಲವಾಗಿರಲಿ.

ಕಲೆಗಳೆಲ್ಲ ಕ್ಯಾನ್ಸರ್ ಅಲ್ಲ, ಹೆದರಬೇಡಿ. ಆದರೆ ನಾಲ್ಕು ವಾರದಲ್ಲಿ ಮಾಯದ ಹುಣ್ಣು, ಬದಲಾಗುತ್ತಿರುವ ಕಲೆ ಇದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಸೂಜಿ, ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯದಿಂದ ಬಯಾಪ್ಸಿ ತಪ್ಪಿಸಬೇಡಿ. ವೈದ್ಯರು ಮಾಡುವ ಬಯಾಪ್ಸಿಯಿಂದಲೇ ರೋಗ ಯಾವುದೆಂದು ಗೊತ್ತಾಗುವುದು. ಹೆಣ್ಣುಮಕ್ಕಳು ಸಂಕೋಚದಿಂದ ಮುಚ್ಚಿಡದೆ ಮಹಿಳಾ ವೈದ್ಯರನ್ನು ಕೇಳಿ.

ಎಲ್ಲಿಗೆ, ಹೇಗೆ?

ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಿಂದ ಆರಂಭಿಸಿ. ಅಲ್ಲಿಂದ ರೆಫರಲ್ ಪತ್ರ ಪಡೆದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯ ಸುಲಭವಾಗುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ನೂರಕ್ಕೆ 30ರಂತೆ ಒಂದೂವರೆ ಲಕ್ಷದವರೆಗೆ ಇದೆ. ಶಸ್ತ್ರಚಿಕಿತ್ಸೆಗೆ ಇದು ದೊಡ್ಡ ಆಸರೆ. ಲಕ್ಷಗಳ ಔಷಧಕ್ಕಾದರೆ 5 ಲಕ್ಷವೂ ಹೆಚ್ಚು ದಿನ ಬಾಳದು. ಬೇಗ ತೋರಿಸಿ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್ಇ ಆಸ್ಪತ್ರೆಗಳಿವೆ. ಕೆಎಲ್ಇಯ ಪ್ರತ್ಯೇಕ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಯಾಗಿದೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಸರ್ಕಾರದ ಕಿದ್ವಾಯಿ ಸಂಸ್ಥೆ ಇದೆ. ಕಾಗವಾಡ, ಅಥಣಿಯವರಿಗೆ ಮೀರಜ್, ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಆದರೆ ಗಡಿ ದಾಟಿದರೆ ರಾಜ್ಯ ಬೇರೆ, ಯೋಜನೆ ಬೇರೆ. ನಮ್ಮ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ಕೇಳಿಕೊಳ್ಳಿ. ಆಯುಷ್ಮಾನ್ ಸಹಾಯವಾಣಿ 14555, ರಾಜ್ಯದ ಆರೋಗ್ಯ ಸಹಾಯವಾಣಿ 104. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲು ಟಿಕೆಟ್‌ನಲ್ಲಿ ರಿಯಾಯಿತಿ ಇದೆ. ಕುಡಚಿ, ರಾಯಬಾಗ ಸ್ಟೇಷನ್ನಿನಿಂದ ಹೋಗುವವರು ವೈದ್ಯರ ಪ್ರಮಾಣಪತ್ರ ಇಟ್ಟುಕೊಳ್ಳಿ.

ಜಮಾಅತ್‌ನವರೂ ಒಂದು ಕೆಲಸ ಮಾಡಬಹುದು. ರೋಗ ಕೈಮೀರಿದ ಮೇಲೆ ಚಂದಾ ಎತ್ತುವುದಕ್ಕಿಂತ, ವರ್ಷಕ್ಕೊಮ್ಮೆ ಚರ್ಮದ ವೈದ್ಯರನ್ನು ಕರೆಸಿ ಮೊಹಲ್ಲಾದಲ್ಲಿ ತಪಾಸಣೆ ನಡೆಸಿದರೆ ಖರ್ಚು ಕಡಿಮೆ, ಉಳಿಯುವ ಜೀವ ಹೆಚ್ಚು. ಔಷಧದ ಬೆಲೆ ಇಳಿಸುವುದು ನಮ್ಮ ಕೈಯಲ್ಲಿಲ್ಲ. ಇವತ್ತು ರಾತ್ರಿ ಅಮ್ಮಿಯ ಪಾದವನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡುವುದು ನಮ್ಮ ಕೈಯಲ್ಲಿದೆ.